ಕುಕ್ಕರಿನಲ್ಲಿ ಕನ್ನಡಿ, ನೆತ್ತಿಯ ಮೇಲೆ ನೀಹಾರಿಕೆ

ಕಾತ್ರಜದ ಆಚೆ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದರೆ ಪುಣೆಯ ಜನ ಮೊದಲು ಕೇಳುವುದು, ಕಾಂಗರೂ ನೋಡಿದಿರಾ? ನೋಡಲಿಲ್ಲ. ಕ್ರಿಕೆಟ್ ಮೈದಾನ? ಅದೂ ಇಲ್ಲ. ಸಮುದ್ರ? ವಿಮಾನದ ಕಿಟಕಿಯಿಂದ ಒಂದಿಷ್ಟು ಕಂಡಿತು, ಅಷ್ಟರಲ್ಲಿ ಬಿಸಿಲು ಎಂದು ಅವ್ವ ಕಿಟಕಿ ಮುಚ್ಚಿದಳು. ಹಾಗಾದರೆ ಅಷ್ಟು ದೂರ ಹೋಗಿ ಮಾಡಿದ್ದೇನು ಎಂದು ಅವರು ಕೇಳುತ್ತಾರೆ. ಕುರಿ ಸಾಕುವವರ ಹೊಲದಲ್ಲಿ ಎರಡು ಸಂಜೆ ಕತ್ತಲಲ್ಲಿ ನಿಂತಿದ್ದೆವು ಎಂದು ನಾನು ಹೇಳುತ್ತೇನೆ. ಆಗ ಅವರು ಮಾತು ಬದಲಿಸಿ ಮಳೆ ಬೆಳೆ ವಿಚಾರಿಸುತ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಕೊಟ್ಟು ಕೈ ತೊಳೆದುಕೊಳ್ಳೋಣವೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಚಿಂಚವಾಡದಲ್ಲಿ ನಟ್ಟು ಬೋಲ್ಟಿನ ಅಂಗಡಿ. ನಾವು ಮೂಲತಃ ಬಾಗಲಕೋಟೆಯ ಕಡೆಯವರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನನ್ನ ಹೆಂಡತಿ ವಿಮಲಾ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬೇರೆಯವರ ಹೆಂಡಂದಿರಿಗೆ ಚಿನ್ನದ ಹುಚ್ಚೋ ಸೀರೆಯ ಹುಚ್ಚೋ ಇರುತ್ತದಂತೆ. ನನ್ನವಳಿಗೆ ಆಕಾಶದ ಹುಚ್ಚು.

ಇದೆಲ್ಲ ಶುರುವಾದದ್ದು ತೊಂಬತ್ತರ ದಶಕದಲ್ಲಿ, ಒಬ್ಬ ಗಿರಾಕಿ ಕೊಟ್ಟ ಕ್ಯಾಲೆಂಡರಿನಿಂದ. ಅದರ ಮೇ ತಿಂಗಳ ಪುಟದಲ್ಲಿ ಒಂದು ಗುಲಾಬಿ ಮೋಡದ ಚಿತ್ರವಿತ್ತು. ಕರೀನಾ ನೀಹಾರಿಕೆ ಎಂದು ಹೆಸರು. ಮೇ ಮುಗಿದರೂ ನಾನು ಪುಟ ತಿರುಗಿಸಲಿಲ್ಲ. ವರ್ಷ ಮುಗಿದ ಮೇಲೆ ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲಿ ದೇವರ ಫೋಟೋಗಳ ಪಕ್ಕ ಖಾಲಿಯಿದ್ದ ಮೊಳೆಗೆ ತೂಗುಹಾಕಿದೆ. ದೀಪಾವಳಿಯ ಪೂಜೆಗೆ ಬಂದ ಅವ್ವ ಸಾಲಾಗಿ ಎಲ್ಲ ಫೋಟೋಗಳಿಗೂ ಕುಂಕುಮ ಹಚ್ಚುತ್ತ ಹೋಗಿ ಇದಕ್ಕೂ ಹಚ್ಚಿದಳು. ಇದು ಯಾವ ದೇವರು ಎಂದು ಆಮೇಲೆ ಕೇಳಿದಳು.

ದೇವರಲ್ಲ, ಗಾಳಿ ಮತ್ತು ದೂಳಿನ ಮೋಡ ಎಂದು ವಿಮಲಾ ವಿವರಿಸಿದಳು. ಅದರೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಹುಟ್ಟಿದ ಎಳೆಯ ನಕ್ಷತ್ರಗಳ ಶಾಖಕ್ಕೆ ಆ ಗಾಳಿಯೇ ಹೊಳೆಯುತ್ತದೆ, ನಮ್ಮ ಅಂಗಡಿಯ ಎದುರಿನ ಬಾರಿನ ನಿಯಾನ್ ಬೋರ್ಡಿನ ಹಾಗೆ. ಬಾರಿನ ಹೆಸರು ಬಂದದ್ದರಿಂದ ಅವ್ವ ಮುಂದೆ ಕೇಳಲಿಲ್ಲ.

ಈ ಮೋಡ ಆಕಾಶದ ತೀರಾ ತೆಂಕಣ ಮೂಲೆಯಲ್ಲಿದೆ. ಪುಣೆಯಿಂದ ನೋಡಿದರೆ ಬೇಸಿಗೆಯ ಸಂಜೆ ಗುಡ್ಡಗಳ ಮೇಲೆ ಸ್ವಲ್ಪವೇ ತಲೆಯೆತ್ತಿ ಮತ್ತೆ ಮುಳುಗುತ್ತದೆ. ಪ್ರತಿ ಬೇಸಿಗೆ ವಿಮಲಾ ನನ್ನನ್ನು ಸ್ಕೂಟರಿನಲ್ಲಿ ಕಾತ್ರಜ ಘಾಟು ದಾಟಿಸಿ ಭೋರ್ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆವು. ಮುಂದೆ ಬೇಸಿಗೆಯ ದೂಳು, ದೂಳಿನೊಳಗೆ ಸಾತಾರಾ ಕಡೆಯಿಂದ ಬರುವ ಲಾರಿಗಳ ದೀಪ.

"ಅಲ್ಲೇ ಅದ ರೀ, ಆ ದೂಳಿನ ಹಿಂದ," ಎನ್ನುತ್ತಿದ್ದಳು.

"ಹೌದೌದು," ಎಂದು ನಾನು ಲಾರಿ ನೋಡುತ್ತಿದ್ದೆ.

ಹತ್ತು ವರ್ಷ ಹೀಗೆ ನಡೆಯಿತು. ಈ ನಡುವೆ ಅವಳು ಆಕಾಶ ನೋಡುವವರ ಒಂದು ಗುಂಪಿಗೆ ಸೇರಿ ದೂರದರ್ಶಕದ ಕನ್ನಡಿ ಮಾಡುವುದನ್ನು ಕಲಿತಳು. ಎರಡು ದಪ್ಪ ಗಾಜಿನ ಬಿಲ್ಲೆಗಳ ನಡುವೆ ನೀರು ಮತ್ತು ಅರೆಯುವ ಪುಡಿ ಹಾಕಿ ಗಂಧ ತೇಯ್ದ ಹಾಗೆ ತೇಯಬೇಕು. ತೇಯುತ್ತ ಸುತ್ತಲೂ ನಡೆಯಬೇಕು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಣ್ಣೆಯ ಖಾಲಿ ಡ್ರಮ್ಮು ಇಟ್ಟುಕೊಂಡು ಅವಳು ಒಂದು ವರ್ಷ ಅದಕ್ಕೆ ಪ್ರದಕ್ಷಿಣೆ ಹಾಕಿದಳು. ಗಿರಾಕಿಗಳು ಹರಕೆ ಇರಬೇಕೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಕೊನೆಗೆ ಒಂದು ಊಟದ ತಟ್ಟೆಗಿಂತ ಚಿಕ್ಕದಾದ ಕನ್ನಡಿ ಸಿದ್ಧವಾಯಿತು. ಅದಕ್ಕೆ ಬೆಳ್ಳಿಯಂಥ ಹೊಳಪಿನ ಲೇಪ ಕೊಡಿಸಿ ತಂದ ದಿನ ಅವಳು ನನ್ನ ಮುಂದೆ ಕೂತು ಹೇಳಿದಳು.

"ಅದು ನೆತ್ತಿ ಮ್ಯಾಲೆ ಬರೂ ದೇಶಕ್ಕ ಹೋಗೂಣು ರೀ. ನಾ ಮಾಡಿದ ಕನ್ನಡಿಯಾಗ ಅದನ್ನ ಒಮ್ಮೆ ಕಣ್ಣಾರೆ ನೋಡ್ಬೇಕು. ಅದೊಂದ ಆದ್ರ ಮತ್ತೇನೂ ಕೇಳೂದಿಲ್ಲ."

ಹೊಸ ಶತಮಾನ ಬಂದಿತ್ತು, ಬೀದಿಗೊಂದು ಸೈಬರ್ ಕೆಫೆ ಇತ್ತು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಕೆವಿನ್ ಎಂಬ ಕುರಿ ಸಾಕಣೆಯವನು ಪ್ರತಿ ಮೇ ತಿಂಗಳು ತನ್ನ ಹೊಲದಲ್ಲಿ ಆಕಾಶ ನೋಡುವವರ ಶಿಬಿರ ನಡೆಸುತ್ತಾನೆಂದು ವಿಮಲಾ ಪತ್ತೆ ಹಚ್ಚಿದಳು. ಬರೀ ಕನ್ನಡಿ ತನ್ನಿ, ಕೊಳವೆ ನನ್ನ ಬಳಿ ಇದೆ ಎಂದು ಅವನು ಬರೆದ.

ಶಿಬಿರದ ದಿನ ನೋಡಿ ಅವ್ವ ಹೌಹಾರಿದಳು. "ಅಮಾಸಿ ಹೊತ್ತಿನ್ಯಾಗ ಪ್ರಯಾಣಾನ? ಯಾರರ ಬುದ್ಧಿ ಇದ್ದವರು ಹೋಗ್ತಾರೇನ?"

ಬೆಳದಿಂಗಳಿದ್ದರೆ ನೀಹಾರಿಕೆ ಕಾಣುವುದಿಲ್ಲ, ಅದಕ್ಕೇ ಅಮಾವಾಸ್ಯೆ ಆರಿಸಿದ್ದು ಎಂದು ವಿಮಲಾ ಹೇಳಿದಳು. ಅಮಾವಾಸ್ಯೆಯನ್ನು ಹುಡುಕಿಕೊಂಡು ಹೋಗುವ ಸೊಸೆಯನ್ನು ನೋಡಿ ಅವ್ವ ತಾನೂ ಬರುವುದೆಂದು ನಿರ್ಧರಿಸಿದಳು. ಇಂಥವರ ಕೈಗೆ ಮಗನನ್ನು ಒಪ್ಪಿಸಿ ಮನೆಯಲ್ಲಿ ಹೇಗೆ ಕೂರುವುದು?

ಸಿಡ್ನಿ

ಕನ್ನಡಿಯನ್ನು ಒಡೆಯದ ಹಾಗೆ ಒಯ್ಯುವುದು ಹೇಗೆಂದು ಬಹಳ ಚರ್ಚೆಯಾಗಿತ್ತು. ಕೊನೆಗೆ ಅವ್ವನೇ ದಾರಿ ತೋರಿಸಿದಳು. ಅವಳ ಹಳೆಯ ನೂಲಿನ ಸೀರೆ ಸುತ್ತಿ ಐದು ಲೀಟರಿನ ಕುಕ್ಕರಿನೊಳಗೆ ಕೂರಿಸಿ ಮುಚ್ಚಳ ಬಿಗಿದೆವು. ವಿಮಲಾ ಇಡೀ ಪ್ರಯಾಣದಲ್ಲಿ ಆ ಕುಕ್ಕರನ್ನು ಮಡಿಲಿಂದ ಇಳಿಸಲಿಲ್ಲ. ಗಗನಸಖಿ ಊಟ ತಂದಾಗಲೆಲ್ಲ ಕುಕ್ಕರು ನೋಡಿ, ನಮ್ಮ ಊಟ ನಾವೇ ತಂದಿದ್ದೇವೆಂದು ತಿಳಿದು ಮುಂದೆ ಹೋಗುತ್ತಿದ್ದಳು. ಎರಡನೆಯ ಸಲ ನಾನು ಎದ್ದು ಹೋಗಿ ಬೇಡಿ ತರಬೇಕಾಯಿತು.

ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ತಿನ್ನುವ ವಸ್ತುಗಳ ತಪಾಸಣೆ ಬಹಳ ಕಟ್ಟುನಿಟ್ಟು. ಎತ್ತರದ ಅಧಿಕಾರಿಯೊಬ್ಬ ಅವ್ವನ ಚೀಲದಿಂದ ಖಡಕ್ ರೊಟ್ಟಿಯ ಕಟ್ಟು ತೆಗೆದ. ಇದೇನು ಎಂದ. ಬ್ರೆಡ್ಡು ಎಂದೆ. ಅವನು ಅದನ್ನು ಮೇಜಿಗೆ ಟಕಟಕ ಬಡಿದು ನನ್ನ ಮುಖ ನೋಡಿದ. ನಾನು ಒಂದು ಚೂರು ಮುರಿದು ತಿಂದು ತೋರಿಸಿದೆ. ಆ ಸದ್ದಿಗೆ ಪಕ್ಕದ ಮೇಜಿನವರೂ ತಿರುಗಿದರು. ರೊಟ್ಟಿ ಪಾಸಾಯಿತು, ಶೇಂಗಾ ಚಟ್ನಿಯೂ ಪಾಸಾಯಿತು. ತುಪ್ಪ ಮತ್ತು ಕರಿಬೇವು ಹೋದವು.

ಆಮೇಲೆ ಅವನು ಕುಕ್ಕರಿಗೆ ಕೈ ಹಾಕಿದ. ಮುಚ್ಚಳ ತೆಗೆದ, ಸೀರೆ ಸರಿಸಿದ, ಒಳಗೆ ಬಗ್ಗಿದ. ಆ ಕನ್ನಡಿಯಲ್ಲಿ ಹತ್ತಿರದಿಂದ ನೋಡಿದರೆ ಮುಖ ಅಗಲವಾಗಿ ಕಾಣುತ್ತದೆ. ತನ್ನದೇ ಮೂಗು ಅಷ್ಟು ದೊಡ್ಡದಾಗಿ ಕುಕ್ಕರಿನ ತಳದಿಂದ ಎದ್ದು ಬಂದದ್ದು ನೋಡಿ ಅವನು ಬೆಚ್ಚಿ ಬೆರಳು ಚಾಚಿದ.

"ಮುಟ್ಟಬ್ಯಾಡ್ರೀ!" ಎಂದು ವಿಮಲಾ ಕಿರುಚಿದಳು.

ಅವ್ವನ ಲೆಕ್ಕದಲ್ಲಿ ಭಾಷೆ ಎರಡೇ, ಮನೆಯದು ಮತ್ತು ಹೊರಗಿನದು. ಸಿಡ್ನಿ ಹೊರಗೆ. ಆದ್ದರಿಂದ ಅವಳು ಆ ಅಧಿಕಾರಿಯ ತೋಳು ಹಿಡಿದು ಮರಾಠಿಯಲ್ಲಿ ಸಮಾಧಾನ ಮಾಡಿದಳು: "ಅಹೋ ಸಾಹೇಬ, ಹಳೂ ಹಳೂ. ಕಾಚೇಚೆ ಆಹೇ." ಗಾಜಿನದು, ನಿಧಾನ ಎಂದು. ಅವನಿಗೆ ಏನು ತಿಳಿಯಿತೋ, ಎರಡೂ ಕೈಯಲ್ಲಿ ಸೀರೆ ಮುಚ್ಚಿ, ಮುಚ್ಚಳವನ್ನು ನಮಗಿಂತ ಚೆನ್ನಾಗಿ ಹಾಕಿ ಕೊಟ್ಟ. ಆದರೆ ಅವನ ಬೆರಳು ಕನ್ನಡಿಗೆ ತಾಗಿತೋ ಇಲ್ಲವೋ ಎಂಬುದು ಖಚಿತವಾಗಲಿಲ್ಲ. ರೈಲಿನಲ್ಲಿ ಒಳನಾಡಿಗೆ ಹೋಗುವಾಗ ಇಡೀ ದಾರಿ ವಿಮಲಾ ಅದನ್ನೇ ಕೇಳುತ್ತಿದ್ದಳು. "ತಾಗಿತೇನ್ರೀ? ನೀವು ನೋಡಿದ್ರೇನು?" ತಾಗಲಿಲ್ಲ ಎಂದೆ. ನಾನು ಆಗ ಕರಿಬೇವಿನ ಕಡೆ ನೋಡುತ್ತಿದ್ದೆ.

ಕೆವಿನನ ಹೊಲ

ಪರದೇಶದಲ್ಲಿ ಹೇಗೋ ಏನೋ ಎಂದು ಹೆದರಿದ್ದೆ. ಹೊಲದ ಗೇಟಿಗೆ ಬರುತ್ತಲೇ ಜೀವಕ್ಕೆ ಸಮಾಧಾನವಾಯಿತು. ಅಲ್ಲಿ ಫಲಕಗಳಿದ್ದವು. "ಬಿಳಿ ದೀಪ ಹಚ್ಚಬಾರದು." ಅದರ ಕೆಳಗೆ, "ಹೌದು, ನೀವು ಕೂಡ." ಮುಂದೆ, "ಬೆಳಿಗ್ಗೆ ಗದ್ದಲ ಮಾಡಬಾರದು, ಜನ ಮಲಗಿರುತ್ತಾರೆ." ಕುರಿ ದೊಡ್ಡಿಯ ಮೇಲೆ, "ಇವು ಕುರಿಗಳು. ಬೇರೇನೂ ಕೇಳಬೇಡಿ." ಪುಣೆಯ ಹಳೇ ಪೇಠೆಗಳ ವಾಡೆಯ ಬಾಗಿಲುಗಳಲ್ಲಿ ಇಂಥ ಮಾತುಗಳನ್ನೇ ಓದಿಕೊಂಡು ದೊಡ್ಡವನಾದವನು ನಾನು. ಹತ್ತಿರದ ಪೇಟೆಯ ಅಂಗಡಿಯವನಂತೂ ಪುಣೆಯ ಅಂಗಡಿಗಳವರ ಹಾಗೆಯೇ ಮಧ್ಯಾಹ್ನದ ನಿದ್ದೆಗೆಂದು ನಮ್ಮ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡ. ತವರಿಗೆ ಬಂದಂತಾಯಿತು.

ಕೆವಿನ್ ತೆಳ್ಳಗೆ, ಬಿಸಿಲಿಗೆ ಕೆಂಪಾದ ಮನುಷ್ಯ, ಮಾತು ಕಡಿಮೆ. ನಮ್ಮ ಕೈಗೆ ಒಂದೊಂದು ಟಾರ್ಚು ಕೊಟ್ಟ. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ರಬ್ಬರು ಬ್ಯಾಂಡಿನಿಂದ ಬಿಗಿದಿತ್ತು. ಕಣ್ಣು ಕತ್ತಲಿಗೆ ಪಳಗಲು ಸುಮಾರು ಅರ್ಧ ತಾಸು ಬೇಕು, ಒಂದು ಕ್ಷಣ ಬಿಳಿ ಬೆಳಕು ಬಿದ್ದರೆ ಎಲ್ಲ ಹಾಳು, ಕೆಂಪು ಬೆಳಕಾದರೆ ಅಷ್ಟು ತೊಂದರೆಯಿಲ್ಲ ಎಂದು ಹೇಳಿದ.

ಹೀಗಾಗಿ ಅಲ್ಲಿನ ಜನರ ಪರಿಚಯವೆಲ್ಲ ಕತ್ತಲಲ್ಲೇ ಆಗುವುದು. ಮುಖ ಕಾಣುವುದಿಲ್ಲ, ದನಿ ಮಾತ್ರ. ನಾನು ಭಾರಿ ದನಿಯ ಒಬ್ಬ ಪೈಲ್ವಾನನ ಜೊತೆ ಬಹಳ ಹೊತ್ತು ಉಕ್ಕಿನ ದರ್ಜೆಗಳ ಬಗ್ಗೆ ಮಾತಾಡಿದೆ. ಬೆಳಿಗ್ಗೆ ನೋಡಿದರೆ ಆತ ಹಿಡಿಯಷ್ಟಿರುವ ಒಬ್ಬ ಅಜ್ಜಿ. ಅವ್ವನ ರೊಟ್ಟಿ ಮಾತ್ರ ಎಲ್ಲರಿಗೂ ಗುರುತಾಗಿಬಿಟ್ಟಿತು. ಕತ್ತಲಲ್ಲಿ ಎಲ್ಲೋ ಕಟಂ ಎಂದು ಸದ್ದಾದರೆ, ಓಹೋ ಇಂಡಿಯಾದವರು ಇಲ್ಲಿದ್ದಾರೆ ಎಂದು ಜನ ಆ ಕಡೆ ಕೈ ಚಾಚುತ್ತಿದ್ದರು.

ಮೊದಲ ಸಂಜೆ

ವಿಮಲಾ ಮಧ್ಯಾಹ್ನವೆಲ್ಲ ಕೂತು ಕನ್ನಡಿಯನ್ನು ಕೆವಿನ್ ಕೊಟ್ಟ ಕೊಳವೆಯೊಳಗೆ ಜೋಡಿಸಿದಳು. ಕೊಳವೆಯನ್ನು ಮರದ ಪೆಟ್ಟಿಗೆಯ ಮೇಲೆ ತೋಪಿನ ಹಾಗೆ ಕೂರಿಸಿದ್ದರು. ಬೆರಳಿನಿಂದ ತಳ್ಳಿದರೆ ಬೇಕಾದ ಕಡೆ ತಿರುಗುತ್ತದೆ. ಮೇಲ್ತುದಿಯ ಪಕ್ಕದಲ್ಲಿ ಕಣ್ಣಿಡುವ ಮಸೂರ. ಅವಳು ಬೆಳಿಗ್ಗೆ ತಲೆಗೆ ಎರೆದುಕೊಂಡಿದ್ದಳು, ಹೊಸ ಗುಲಾಬಿ ಬಣ್ಣದ ಇಳಕಲ್ ಸೀರೆ ಉಟ್ಟು ಮೇಲೆ ನನ್ನ ಸ್ವೆಟರು ಹಾಕಿಕೊಂಡಿದ್ದಳು. ಈ ಸೀರೆ ಪುಣೆಯಿಂದ ಬರುವಾಗ ಇದಕ್ಕೆಂದೇ ಕೊಂಡದ್ದು. ಕ್ಯಾಲೆಂಡರಿನ ಮೋಡದ ಬಣ್ಣವೇ ಅದು. ನಾನು ಮನಸ್ಸಿನಲ್ಲೇ ನಕ್ಕೆ.

ಸೂರ್ಯ ಮುಳುಗಿದ. ಆಕಾಶ ತೊಳೆದಿಟ್ಟ ಹಾಗಿತ್ತು. ನೆತ್ತಿಯ ಹತ್ತಿರ ಅವಳು ಬೆರಳು ತೋರಿಸಿದ ಕಡೆ ಬರಿಗಣ್ಣಿಗೇ ಏನೋ ಒಂದು ಮಾಸಲು ತುಣುಕು ಕಾಣತೊಡಗಿತು. "ಇನ್ನೊಂದೀಟು ಕತ್ತಲಾಗಲಿ ರೀ," ಎಂದಳು.

ಆಗ ನಮ್ಮ ಹಿಂದೆ ಬೆಳಕಾಯಿತು.

ಮುಸ್ಸಂಜೆ ದೀಪ ಹಚ್ಚದ ಮನೆಯಲ್ಲಿ ಅವ್ವ ಎಂದೂ ಕೂತವಳಲ್ಲ. ತುಪ್ಪ ಸಿಡ್ನಿಯಲ್ಲಿ ಹೋಗಿದ್ದರಿಂದ ಕೆವಿನನ ಅಡುಗೆಮನೆಯಿಂದ ಎಣ್ಣೆ ತಂದು, ಹತ್ತಿಯ ಬತ್ತಿ ಹೊಸೆದು, ನಮ್ಮ ಗುಡಾರದ ಮುಂದೆ ಒಂದಲ್ಲ, ಪರದೇಶವೆಂದು ಮುತುವರ್ಜಿಯಿಂದ ಐದು ಬತ್ತಿಯ ದೀಪ ಹಚ್ಚಿದ್ದಳು. ಹೊಲದ ತುಂಬ ಬೊಬ್ಬೆ ಎದ್ದಿತು. "ಲೈಟ್! ಲೈಟ್!" ಲೈಟ್ ಎಂದರೇನೆಂದು ಅವ್ವನಿಗೆ ಚೆನ್ನಾಗಿ ಗೊತ್ತು.

"ನೋಡಪಾ, ದೀಪಾ ಕಂಡ ಕೂಡಲೆ ಎಷ್ಟ ಭಕ್ತಿಲೆ ಕೂಗ್ಲಿಕತ್ತಾರ," ಎಂದಳು ನನಗೆ.

ಕೆವಿನ್ ಓಡಿ ಬಂದ. ಆರಿಸಿ ಎಂದ. ನಾನು ಅನುವಾದಿಸಿದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಚ್ಚಿದ ದೀಪಾ ಆರಸೂದಂದ್ರ ಏನು? ಬಾಯಿಲೆ ಊದಬೇಕೇನು? ಅವನ ಮನಿಗೆ ಛಲೋ ಆಗೂದು ಬ್ಯಾಡೇನು?" ನಾನು ಅದನ್ನೂ ಅನುವಾದಿಸಿದೆ. ತನ್ನ ಮನೆಯ ಒಳಿತಿನ ಮಾತು ಬಂದಾಗ ಕೆವಿನ್ ಮೆತ್ತಗಾದ. ಟೋಪಿಯನ್ನು ದೀಪಕ್ಕೆ ಅಡ್ಡ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದ. ಬೆಳಕು ಹೊರಬೀಳದ ಜಾಗ ಒಂದೇ, ಶೌಚಾಲಯ ಎಂದ. ಇದನ್ನು ನಾನು ಅನುವಾದಿಸಲಿಲ್ಲ. ಕೊನೆಗೆ ಕುರಿಗಳ ಉಣ್ಣೆ ಕತ್ತರಿಸುವ ತಗಡಿನ ಶೆಡ್ಡಿಗೆ ಮೆರವಣಿಗೆ ಹೊರಟಿತು. ಮುಂದೆ ಟೋಪಿ ಅಡ್ಡ ಹಿಡಿದ ಕೆವಿನ್, ನಡುವೆ ದೀಪ ಹಿಡಿದ ಅವ್ವ, ಹಿಂದೆ ಕ್ಷಮಿಸಿ ಕ್ಷಮಿಸಿ ಎನ್ನುತ್ತ ನಾನು.

ನಾವು ಹಿಂತಿರುಗಿ, ಎಲ್ಲರ ಕಣ್ಣು ಮತ್ತೆ ಕತ್ತಲಿಗೆ ಪಳಗುವಷ್ಟರಲ್ಲಿ ಹೊಲದ ಆಚೆಯಿಂದ ಮಂಜು ಬಂದು ಆಕಾಶ ಮುಚ್ಚಿತು. ವಿಮಲಾ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ ಗುಡಾರದೊಳಗೆ ಹೋಗಿ ಸೀರೆ ಮಡಿಸಿಟ್ಟಳು.

ಎರಡನೆಯ ದಿನ, ಮಳೆ

ಮಳೆ ಸುರಿಯಿತು. ಉಣ್ಣೆಯ ಶೆಡ್ಡಿನಲ್ಲಿ ನಾನೂ ಕೆವಿನನೂ ಚಹಾ ಕುಡಿಯುತ್ತ ಕೂತಿದ್ದೆವು. ಅವನು ಶೇಂಗಾ ಚಟ್ನಿಯನ್ನು ಚಮಚದಿಂದ ಬರೀ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಾತಿಗೆ ಮಾತು ಬಂದು ನಾನು ಹೇಳಿದೆ: ನಾಳೆ ಕೊನೆಯ ಸಂಜೆ, ನನ್ನ ಹೆಂಡತಿ ಹತ್ತು ವರ್ಷದಿಂದ ಆ ಗುಲಾಬಿ ಬಣ್ಣ ನೋಡಲು ಕಾಯುತ್ತಿದ್ದಾಳೆ.

ಅವನು ಚಮಚ ಕೆಳಗಿಟ್ಟ. "ಗುಲಾಬಿ ಎಲ್ಲಿದೆ? ಅದು ಬೂದು."

"ಬೂದು?"

"ಬೂದು. ಅಷ್ಟು ಮಂದ ಬೆಳಕಿನಲ್ಲಿ ಮನುಷ್ಯರ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಫೋಟೋದಲ್ಲಿ ಬರುವುದು ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದು ಕೂಡಿಸಿಟ್ಟ ಬಣ್ಣ."

ಹತ್ತು ವರ್ಷ ಲಾರಿಗಳ ದೂಳು ಕುಡಿದವಳು, ಒಂದು ವರ್ಷ ಡ್ರಮ್ಮು ಸುತ್ತಿದವಳು, ಕುಕ್ಕರನ್ನು ಕೂಸಿನ ಹಾಗೆ ಹೊತ್ತು ತಂದವಳು, ಮೋಡದ ಬಣ್ಣದ್ದೇ ಸೀರೆ ಕೊಂಡವಳು. ನಾಳೆ ಅವಳಿಗೆ ಕಾಣುವುದು ಬೂದಿ! ಅವಳ ಮುಖ ಹೇಗಾಗುತ್ತದೆಂದು ಊಹಿಸಿ ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಮೊದಲೇ ಹೇಳಿಬಿಡೋಣವೇ? ಗುಡಾರಕ್ಕೆ ಹೋದೆ. ಅವಳು ಮಳೆ ನೋಡುತ್ತ ಕೂತಿದ್ದಳು.

"ನಾಳಿಗರ ತೆರವಾಗ್ತದೇನ್ರಿ?" ಎಂದು ಕೇಳಿದಳು.

"ಆಗ್ತದ ಆಗ್ತದ," ಎಂದು ಹೇಳಿ ಹೊರಗೆ ಬಂದೆ.

ವ್ಯಾಪಾರಸ್ಥನ ತಲೆ ಸುಮ್ಮನೆ ಕೂರುವುದಿಲ್ಲ. ಗಿರಾಕಿ ಕೇಳಿದ ಅಳತೆಯ ಬೋಲ್ಟು ಇಲ್ಲದಿದ್ದರೆ ಇದ್ದುದಕ್ಕೆ ವಾಷರು ಹಾಕಿ ಹೊಂದಿಸಿ ಕಳಿಸುತ್ತೇವೆಯೇ ಹೊರತು ಬರಿಗೈಯಲ್ಲಿ ಕಳಿಸುವುದಿಲ್ಲ. ನಾನು ಕೈಯಲ್ಲಿದ್ದ ಟಾರ್ಚನ್ನು ನೋಡಿದೆ. ಅದರ ಮೂತಿಗೆ ಕೆಂಪು ಜಿಲೇಟಿನ್ ಕಾಗದವಿತ್ತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮೂರನೆಯ ಸಂಜೆ

ಮಳೆ ನಿಂತು ಆಕಾಶ ಬಿಚ್ಚಿಕೊಂಡಿತು. ಪಶ್ಚಿಮದಲ್ಲಿ ಮಾತ್ರ ಮೋಡದ ದಪ್ಪ ಅಂಚು ಕಾದು ಕೂತಿತ್ತು. ಕೆವಿನ್ ಅದನ್ನು ನೋಡಿ, ಇರುವ ಹೊತ್ತು ಸ್ವಲ್ಪವೇ, ಬೇಗ ನೋಡಿಕೊಳ್ಳಿ ಎಂದ. ಅವ್ವ ಹೇಳಿಸಿಕೊಳ್ಳದೆ ತಾನೇ ದೀಪ ಹಿಡಿದುಕೊಂಡು ಶೆಡ್ಡಿಗೆ ಹೋಗಿ ಹಚ್ಚಿಟ್ಟು ಬಂದಳು. ಕುರಿಗಳಿಗೆ ಕುಂಕುಮವನ್ನೂ ಹಚ್ಚಿದ್ದಳೆಂದು ಮರುದಿನ ತಿಳಿಯಿತು.

ವಿಮಲಾ ಗುಡಾರದಲ್ಲಿ ಸೀರೆ ಉಡುತ್ತಿದ್ದಳು. ನಾನು ಟಾರ್ಚಿನ ಕಾಗದ ಬಿಚ್ಚಿ, ಹಲ್ಲಿನಿಂದ ಕಚ್ಚಿ ಒಂದು ತುಂಡು ಹರಿದು, ಮಸೂರದ ಮೇಲೆ ಅಂಟಿಸಿದೆ. ಟಾರ್ಚು ಜೇಬಿಗೆ ಹಾಕಿಕೊಂಡೆ. ಕೈಕಟ್ಟಿ ನಿಂತೆ.

ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಸೆರಗು ಸರಿಮಾಡಿಕೊಂಡಳು. ಕೊಳವೆಯ ಮೇಲಿನಿಂದ ಗುರಿ ನೋಡಿ ಬೆರಳಿನಿಂದ ತಳ್ಳಿದಳು, ಕಣ್ಣು ಮುಚ್ಚಿ ಏನೋ ಗುಣುಗುಟ್ಟಿದಳು. ಆಮೇಲೆ ಮಸೂರಕ್ಕೆ ಕಣ್ಣಿಟ್ಟಳು.

ನಾನು ಹೊಗಳಿಕೆಗೆ ಕಾದು ನಿಂತೆ. ಬರಲಿಲ್ಲ.

"ರೀ, ಕಾಣಸವಲ್ದು."

"ಛಲೋತ್ನಾಗಿ ನೋಡು."

"ನಾಕು ಕೆಂಪ ಚುಕ್ಕಿ ಕಾಣಸ್ತಾವ. ನೀಹಾರಿಕೆ ಇಲ್ಲ. ಅಲ್ಲೇ ಹಿಡದೇನಿ, ಬರೋಬ್ಬರಿ ಅಲ್ಲೇ. ಇಲ್ಲ ರೀ!" ಅವಳ ದನಿ ಒಡೆಯಿತು. "ಕನ್ನಡಿ ಕೆಟ್ಟದ. ಆ ಸಿಡ್ನಿಯಾಂವ ಬೆರಳ ಹಚ್ಚ್ಯಾನ. ನಾ ಒಂದ ವರ್ಷ ತೇದಿದ್ದು... ಟಾರ್ಚ ಕೊಡ್ರಿ, ಕನ್ನಡಿ ನೋಡ್ತೇನಿ. ಲಗೂನ ಕೊಡ್ರಿ!"

ಅವಳು ಅಳುವುದನ್ನು ಕೇಳಿದಾಗ ನಾನು ಮಾಡಿದ್ದೇನೆಂದು ಹೊಳೆಯಿತು. ಕೆಂಪು ಕಾಗದ ಆ ಅಷ್ಟಿಷ್ಟು ಬೆಳಕನ್ನೂ ನುಂಗಿ ಹಾಕಿತ್ತು. ಬಣ್ಣ ಬಳಿಯಲು ಹೋಗಿ ನಾನು ನೀಹಾರಿಕೆಯನ್ನೇ ಅಳಿಸಿಬಿಟ್ಟಿದ್ದೆ. ಆ ಗಾಬರಿಯಲ್ಲಿ ಜೇಬಿನಿಂದ ಟಾರ್ಚು ತೆಗೆದು ಗುಂಡಿ ಒತ್ತಿದೆ.

ಕಾಗದವಿಲ್ಲದ ಟಾರ್ಚು. ಇಡೀ ಹೊಲ ಹಗಲಾಯಿತು. ಮೊನ್ನೆಯಿಂದ ದನಿ ಮಾತ್ರ ಕೇಳಿದ್ದ ಜನರ ಮುಖಗಳೆಲ್ಲ ಬಾಯಿ ತೆರೆದುಕೊಂಡು ಒಮ್ಮೆಲೇ ಕಂಡವು. "ಲೈಟ್!" ಎಂದು ಭಾರಿ ದನಿಯ ಅಜ್ಜಿ ಎಲ್ಲರಿಗಿಂತ ಜೋರಾಗಿ ಕೂಗಿದಳು.

"ಈ ಸಲ ನಾ ಅಲ್ಲಪಾ," ಎಂದು ಅವ್ವ ಎರಡೂ ಕೈ ಎತ್ತಿದಳು.

ಟಾರ್ಚು ಆರಿಸಿದೆ. ಕೆವಿನ್ ಬಂದು ನನ್ನ ಕೈಯಿಂದ ಅದನ್ನು ಕಸಿದುಕೊಂಡ. ನಾನು ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದೆ: ಬೂದು ಎಂದು ನಿನ್ನೆ ತಿಳಿದದ್ದು, ಕಾಗದ, ಅಂಟಿಸಿದ್ದು. "ನಿನ್ನ ಕನ್ನಡಿಗೆ ಏನೂ ಆಗಿಲ್ಲ. ನಿನಗ ಗುಲಾಬಿ ಕಾಣಸ್ಲೆಂತ ಮಾಡಿದ್ನಿ," ಎಂದೆ.

ವಿಮಲಾ ಮಸೂರದ ಮೇಲಿನ ಕಾಗದ ಕಿತ್ತಳು. ಅವಳಿಗೆ ನಗು ಬಂದಿತ್ತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಕೊನೆಗೆ ಸ್ಟೂಲು ಅಲುಗುವಷ್ಟು. ಅರ್ಧ ತಾಸು ಕಣ್ಣು ಮತ್ತೆ ಪಳಗಬೇಕಾಗಿತ್ತು. ಪಶ್ಚಿಮದ ಮೋಡ ಆಗಲೇ ಮೇಲೇರುತ್ತಿತ್ತು. ಆ ಅರ್ಧ ತಾಸು ನನ್ನ ಜೀವನದಲ್ಲೇ ಉದ್ದದ್ದು. ನಾನು ಮೋಡ ನೋಡುತ್ತಿದ್ದೆ, ಅವಳು ಆಗಾಗ ನೆನೆಸಿಕೊಂಡು ನಗುತ್ತಿದ್ದಳು.

ಆಮೇಲೆ ಕಣ್ಣಿಟ್ಟಳು. ನಗು ನಿಂತಿತು.

ಬಹಳ ಹೊತ್ತು ಅವಳು ಅಲುಗಲಿಲ್ಲ. ಬೆರಳು ಮಾತ್ರ ಕೊಳವೆಯನ್ನು ಕೂದಲೆಳೆಯಷ್ಟು ತಳ್ಳುತ್ತಿತ್ತು. ಆಮೇಲೆ ಮೂಗು ಏರಿಸಿದ ಸದ್ದು ಕೇಳಿಸಿತು.

"ಬಣ್ಣ ಇಲ್ಲಂತ ಅಳಬ್ಯಾಡ ವಿಮಲಾ," ಎಂದೆ.

"ಬಣ್ಣಕ್ಕ ಯಾರು ಅಳ್ತಾರ್ರಿ? ಬಣ್ಣ ಕಾಣಸೂದಿಲ್ಲಂತ ನನಗ ಹತ್ತ ವರ್ಷದಿಂದ ಗೊತ್ತದ. ಇದು ನನ್ನ ಕನ್ನಡಿಯಾಗ ಬಿದ್ದು ನನ್ನ ಕಣ್ಣಿಗೆ ಬಂದದ ರೀ. ನಡುವ ಯಾರೂ ಇಲ್ಲ. ಅದಕ್ಕ ಅಳು ಬಂತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಆ ಕ್ಯಾಲೆಂಡರ ಮುಂದ ದಿನಾ ನಿಂತು ಖುಷಿ ಪಡೂರು ನೀವು. ಬೂದಿ ಬಣ್ಣದ್ದ ನೋಡ್ಲಿಕ್ಕೆ ಸಮುದ್ರ ದಾಟೂಣು ಅಂದಿದ್ರ ಬರ್ತಿದ್ರೇನು?"

ಯೋಚಿಸಿದೆ. ಬರುತ್ತಿರಲಿಲ್ಲ.

"ಮತ್ತ ಈ ಸೀರಿ?"

"ನನಗ ಗುಲಾಬಿ ಒಪ್ಪತದಂತ ಅಂಗಡಿಯಾಗ ಅಂದವ್ರು ಯಾರು?"

ಅಂದವನು ನಾನೇ. ಮರೆತೇಹೋಗಿತ್ತು.

ಅವ್ವ ತನ್ನ ಸರದಿ ಎಂದು ಬಂದು ಕೂತಳು. ಮೊದಲು ಮಸೂರಕ್ಕಿಟ್ಟ ಕಣ್ಣನ್ನೇ ಮುಚ್ಚಿ ಏನೂ ಇಲ್ಲ ಎಂದಳು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ, ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

"ಯವ್ವಾ, ಎಷ್ಟ ಕೂಸುಗೋಳು! ಈಗಷ್ಟ ಎರದು ಲೋಬಾನದ ಹೊಗಿ ಹಾಕ್ಯಾರ ನೋಡ. ಹೊಗಿಯಾಗ ಕಣ್ಣ ಪಿಳಿಪಿಳಿ ಮಾಡ್ಲಿಕತ್ತಾವ."

ಬಾಣಂತಿ ಮನೆಯಲ್ಲಿ ಕೂಸಿಗೆ ಸ್ನಾನ ಮಾಡಿಸಿದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಆ ಹೊಗೆಯಲ್ಲಿ ಹಿಡಿಯುವುದನ್ನು ವಿಮಲಾ ಕೆವಿನನಿಗೆ ವಿವರಿಸಿದಳು. ಅವನು ಗಂಭೀರವಾಗಿ ಕೇಳಿಸಿಕೊಂಡು, ಕೂಸುಗಳಿಗೆ ಕೆಮ್ಮು ಬರುವುದಿಲ್ಲವೇ ಎಂದ. ಅವ್ವ ಅದಕ್ಕೆ ಮರಾಠಿಯಲ್ಲಿ ಉದ್ದಕ್ಕೆ ಉತ್ತರ ಕೊಟ್ಟಳು. ಅವನು ತಲೆಯಾಡಿಸಿದ.

ಕೊನೆಗೆ ನಾನು ಕೂತೆ. ಬೂದಿ ನೋಡಿ ಎದ್ದುಬಿಡೋಣ, ಚಳಿ ಬೇರೆ, ಎಂದುಕೊಂಡು ಕಣ್ಣಿಟ್ಟೆ. ಬೂದಿ ಎಂದರೆ ಒಂದೇ ಬೂದಿಯಲ್ಲ. ನಡುವೆ ಒಂದು ಕಪ್ಪು ಕವಲು, ಅದರ ದಂಡೆಗಳಲ್ಲಿ ಬೆಳ್ಳಗಿನ ಹೊಗೆ ಮಡಿಕೆ ಮಡಿಕೆಯಾಗಿ ನಿಂತಿತ್ತು. ನೋಡುತ್ತ ಹೋದಂತೆ ಹೊಗೆಯ ಅಂಚು ಇನ್ನಷ್ಟು ದೂರಕ್ಕೆ ಸರಿಯುತ್ತಿತ್ತು. ಮೊದಲು ನಾಲ್ಕು ಚುಕ್ಕೆ, ಆಮೇಲೆ ಹತ್ತು, ಆಮೇಲೆ ಎಣಿಸಲಾಗಲಿಲ್ಲ. ಭೂಮಿ ತಿರುಗುವುದರಿಂದ ಅದೆಲ್ಲ ಮೆಲ್ಲಗೆ ಜಾರಿ ಮಸೂರದ ಹೊರಗೆ ಹೋಗುತ್ತಿತ್ತು. ನಾನು ಬೆರಳಿನಿಂದ ಕೊಳವೆ ತಳ್ಳಿ ಮತ್ತೆ ಹಿಡಿದುಕೊಂಡೆ. ಮತ್ತೆ ಜಾರಿತು, ಮತ್ತೆ ಹಿಡಿದೆ.

ಡ್ರಮ್ಮು ಸುತ್ತಿ ತೇಯ್ದ ಕನ್ನಡಿಯಲ್ಲಿ ನೋಡಬೇಕೆಂದು ಹೊಲದವರೆಲ್ಲ ಬಂದು ನನ್ನ ಹಿಂದೆ ಸಾಲು ನಿಂತಿದ್ದರು. ಚಳಿಗೆ ಕಾಲು ಕುಟ್ಟುವ ಸದ್ದು ಕೇಳಿಸುತ್ತಿತ್ತು. ಮೋಡ ಅರ್ಧ ಆಕಾಶ ದಾಟಿತ್ತು.

"ರೀ, ಏಳ್ರಿ. ಮಂದಿ ನಿಂತಾರ," ಎಂದಳು ವಿಮಲಾ.

"ಹೂಂ."

"ಏಳ್ರಿ ಅಂದ್ನಿ. ಎಷ್ಟೊತ್ತು ನೋಡ್ತೀರಿ?"

"ನೀ ಹತ್ತ ವರ್ಷ ತಡದಿ," ಎಂದೆ ಕಣ್ಣು ತೆಗೆಯದೆ. "ಅವರು ಒಂದೀಟು ತಡೀಲಿ."